ಬೆಕ್ಕಿನ ಕಣ್ಣು: ಹೊರಗಿನ ನೋಟ, ಒಳಗಿನ ಸ್ಕ್ಯಾನಿಂಗ್



ಪಶುವೈದ್ಯನೊಬ್ಬ ದತ್ತಿ ಉಪನ್ಯಾಸಕ್ಕೆ ಬಂದರೆ ಹಾಲಿನ ಇಳುವರಿ, ಕೆಚ್ಚಲ ಬಾವು, ಕಾಲುಬಾಯಿ ಜ್ವರ ಇವುಗಳಲ್ಲಿ ಒಂದನ್ನು ಕುರಿತು ಮಾತಾಡುವುದು ರೂಢಿ. ನಾನು ಬೆಕ್ಕಿನ ಕಣ್ಣನ್ನು ಆರಿಸಿಕೊಂಡಿದ್ದೇನೆ. ಆಮಂತ್ರಣ ಪತ್ರಿಕೆ ನೋಡಿ ಕೆಲವರು ನಕ್ಕಿರಬಹುದು. ಆದರೆ ಮಂಗಳೂರಿನ ಬೈಕಂಪಾಡಿಯಲ್ಲಿ ನಿಂತು ನೋಡಿದರೆ ಈ ವಿಷಯ ದೂರದ್ದು ಅನ್ನಿಸುವುದಿಲ್ಲ. ಇಲ್ಲಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಿವೆ, ಎಪಿಎಂಸಿ ಯಾರ್ಡಿನ ಗೋದಾಮುಗಳಿವೆ, ಕಡಲ ಬದಿಗೆ ಮೀನಕಳಿಯದ ಮೀನುಗಾರರ ಮನೆಗಳಿವೆ. ಮೂಟೆ ಇರುವಲ್ಲಿ ಇಲಿ ಇರುತ್ತದೆ, ಇಲಿ ಇರುವಲ್ಲಿ ಬೆಕ್ಕು ಇರುತ್ತದೆ. ಮೀನು ಕೊಯ್ಯುವ ಜಾಗದ ಮಾತಂತೂ ಹೇಳುವುದೇ ಬೇಡ. ಈಚೆಗೆ ಫ್ಲ್ಯಾಟುಗಳಲ್ಲಿ ಉದ್ದ ಕೂದಲಿನ, ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕುಗಳೂ ಸೇರಿಕೊಂಡಿವೆ. ತುಳುವಿನಲ್ಲಿ ‘ಪುಚ್ಚೆ’ ಎಂದು ನಾವು ಕರೆಯುವ ಈ ಪ್ರಾಣಿಯನ್ನು ಸಾಕದವರೂ ದಿನಕ್ಕೊಮ್ಮೆ ನೋಡಿಯೇ ನೋಡುತ್ತಾರೆ.

ಇಂದು ನಾನು ಹೇಳಬೇಕೆಂದಿರುವ ಮಾತು ಒಂದೇ. ಬೆಕ್ಕಿನ ಕಣ್ಣಿನ ಕಾಯಿಲೆಗಳಲ್ಲಿ ಬಹುಪಾಲು ಕಣ್ಣಿನಲ್ಲೇ ಹುಟ್ಟಿದವಲ್ಲ. ಅವು ನೆಗಡಿಯಿಂದ, ಬೀದಿಜಗಳದಿಂದ, ಊಟದ ತಟ್ಟೆಯಿಂದ, ಕಿಡ್ನಿಯಿಂದ ಹೊರಟು ಕಣ್ಣಿಗೆ ಬಂದು ಕಾಣಿಸಿಕೊಳ್ಳುತ್ತವೆ. ಕಣ್ಣು ಮಸುಕಾಗಿ ಒಳಗೇನಿದೆ ಎಂದು ತಿಳಿಯದಾದಾಗ ಅಲ್ಟ್ರಾಸೌಂಡ್, ಅಂದರೆ ಜನ ‘ಸ್ಕ್ಯಾನಿಂಗ್’ ಎಂದು ಕರೆಯುವ ಪರೀಕ್ಷೆ, ಒಳಗನ್ನು ತೋರಿಸಿಕೊಡುತ್ತದೆ. ಆದರೆ ಅದು ತೋರಿಸಿದ್ದನ್ನು ಹಿಡಿದು ನಾವು ಕಣ್ಣಿನಿಂದಾಚೆಗೆ ಹೋಗದಿದ್ದರೆ ಚಿತ್ರ ತೆಗೆದದ್ದಷ್ಟೇ ಬಂತು.

ಇದನ್ನು ನಾಲ್ಕು ಭಾಗಗಳಲ್ಲಿ ನಿಮ್ಮ ಮುಂದಿಡುತ್ತೇನೆ. ಮೊದಲು ಬೆಕ್ಕಿನ ಕಣ್ಣಿನ ರಚನೆ. ಎರಡನೆಯದು ಕಾಯಿಲೆ ಬರುವ ದಾರಿಗಳು. ಮೂರನೆಯದು ಶಬ್ದದಿಂದ ಕಣ್ಣೊಳಗನ್ನು ನೋಡುವ ವಿದ್ಯೆ. ಕೊನೆಯದಾಗಿ, ನಮ್ಮ ಊರಿನಲ್ಲಿ, ನಮ್ಮಲ್ಲಿರುವ ಸಲಕರಣೆಗಳಿಂದ ಮಾಡಬಹುದಾದದ್ದು.

ಮೊದಲನೆಯ ಭಾಗಕ್ಕೆ ಬರುತ್ತೇನೆ.

ಬೆಕ್ಕಿನ ದೇಹ ನಾಲ್ಕೈದು ಕಿಲೋ ತೂಗಿದರೆ ಹೆಚ್ಚು. ಆದರೆ ಅದರ ಕಣ್ಣುಗುಡ್ಡೆಯ ಉದ್ದ, ಮುಂದಿನಿಂದ ಹಿಂದಕ್ಕೆ ಅಳೆದರೆ, ಸುಮಾರು 21ರಿಂದ 22 ಮಿಲಿಮೀಟರ್. ಅರವತ್ತು ಕಿಲೋ ತೂಗುವ ಮನುಷ್ಯನದು ಸುಮಾರು 24. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಬೆಕ್ಕು ನಮ್ಮನ್ನು ಮೀರಿಸುತ್ತದೆ: ನಮ್ಮದು ಹನ್ನೆರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಅಗಲ, ಅದರದು 16ರಿಂದ 17. ಒಳಗಿನ ಮಸೂರವೂ ದಪ್ಪ, ಸುಮಾರು 8 ಮಿಲಿಮೀಟರ್. ನಮ್ಮದರ ಹೆಚ್ಚುಕಡಿಮೆ ಇಮ್ಮಡಿ. ಕತ್ತಲಲ್ಲಿ ಸಿಕ್ಕಷ್ಟು ಬೆಳಕನ್ನೂ ಒಳಗೆ ತೆಗೆದುಕೊಳ್ಳುವುದಕ್ಕೆ ಮಾಡಿದ ಏರ್ಪಾಡು ಇದು. ಅದೇ ಕಾರಣಕ್ಕೆ ಗೀರು ಬೀಳಲು ಸಿಗುವ ಜಾಗವೂ ದೊಡ್ಡದು.

ಪಾಪೆಯ ವಿಷಯ ನಿಮಗೆ ಗೊತ್ತೇ ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ನೆಟ್ಟಗೆ ನಿಂತ ಒಂದು ಗೆರೆ. ರಾತ್ರಿ ತುಂಬಿದ ಕಪ್ಪು ವೃತ್ತ. ಮನುಷ್ಯನ ಪಾಪೆ ತನ್ನ ವಿಸ್ತೀರ್ಣವನ್ನು ಹದಿನೈದು ಪಟ್ಟಿನಷ್ಟು ಬದಲಿಸಬಲ್ಲದು, ಬೆಕ್ಕಿನದು ಸುಮಾರು 135 ಪಟ್ಟು. ಬೆಕ್ಕಿನ ಎರಡೂ ಕಣ್ಣಿನ ಪಾಪೆಗಳು ಒಂದೇ ಬೆಳಕಿನಲ್ಲಿ ಒಂದೇ ಅಳತೆಯಲ್ಲಿರಬೇಕು. ಒಂದು ದೊಡ್ಡದು, ಒಂದು ಚಿಕ್ಕದು ಕಂಡರೆ, ಅಥವಾ ಬಿಸಿಲಿನಲ್ಲೂ ಎರಡೂ ಅಗಲವಾಗಿ ತೆರೆದೇ ಇದ್ದರೆ, ಅದು ಆ ದಿನವೇ ವೈದ್ಯರಲ್ಲಿಗೆ ಹೋಗಬೇಕಾದ ಸೂಚನೆ. ‘ಕಣ್ಣು ಎಷ್ಟು ಚಂದ ದೊಡ್ಡದಾಗಿದೆ’ ಎಂದು ಫೋಟೋ ತೆಗೆಯುವ ಹೊತ್ತಲ್ಲ.

ಕಣ್ಣಿನ ಹಿಂಭಾಗದಲ್ಲಿ, ಅಕ್ಷಿಪಟಲದ ಹಿಂದೆ, ಟೇಪೀಟಮ್ ಎಂಬ ಹೊಳೆಯುವ ಪದರವಿದೆ. ಅಕ್ಷಿಪಟಲವನ್ನು ದಾಟಿ ಹೋದ ಬೆಳಕನ್ನು ಅದು ಮತ್ತೊಮ್ಮೆ ಹಿಂದಿರುಗಿಸುತ್ತದೆ. ರಾತ್ರಿ ಟಾರ್ಚ್ ಬಿಟ್ಟಾಗ ಹಸಿರಾಗಿ ಮಿಂಚುವುದು ಅದೇ. ಹೆದ್ದಾರಿಯ ನಡುಗೆರೆಯಲ್ಲಿ ವಾಹನದ ದೀಪಕ್ಕೆ ಹೊಳೆಯುವ ಗುಬಟುಗಳಿಗೆ ಬೆಕ್ಕಿನ ಕಣ್ಣಿನದೇ ಹೆಸರು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ಪರ್ಸಿ ಶಾ ಎಂಬವರು 1934ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇನ್ನು ಮೂರನೆಯ ರೆಪ್ಪೆ. ಮೂಗಿನ ಕಡೆಯ ಮೂಲೆಯಲ್ಲಿ ಮಡಚಿಕೊಂಡಿರುವ ಬಿಳಿಯ ಪೊರೆ ಅದು. ಆರೋಗ್ಯವಂತ ಬೆಕ್ಕು ಎಚ್ಚರವಾಗಿರುವಾಗ ಅದು ಕಾಣಿಸುವುದಿಲ್ಲ. ಎರಡೂ ಕಣ್ಣಿನಲ್ಲಿ ಅರ್ಧಕ್ಕೆ ಬಂದು ನಿಂತಿದ್ದರೆ ಬೆಕ್ಕಿಗೆ ಮೈ ಸರಿಯಿಲ್ಲವೆಂದು ತಿಳಿಯಬೇಕು. ಕಾರಣ ಹೊಟ್ಟೆಯಲ್ಲಿರಬಹುದು, ಜ್ವರವಿರಬಹುದು. ಒಂದೇ ಕಣ್ಣಿನಲ್ಲಿ ಬಂದಿದ್ದರೆ ಆ ಕಣ್ಣಿನ ನೋವನ್ನೋ, ಅದರ ಹಿಂದಿನ ಬಾವನ್ನೋ, ಆ ಬದಿಯ ನರದ ತೊಂದರೆಯನ್ನೋ ಹುಡುಕಬೇಕು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲ ಎಂದುಕೊಳ್ಳುತ್ತದೆಯಂತೆ ಎಂಬ ಗಾದೆ ನಮ್ಮಲ್ಲಿದೆ. ಚಿಕಿತ್ಸಾಲಯದಲ್ಲಿ ಕೂತವನಿಗೆ ಒಂದು ಕಣ್ಣು ಮುಚ್ಚಿದ ಬೆಕ್ಕು ಕಳ್ಳಬೆಕ್ಕಾಗಿ ಕಾಣುವುದಿಲ್ಲ, ನೋವು ತಿನ್ನುತ್ತಿರುವ ಬೆಕ್ಕಾಗಿ ಕಾಣುತ್ತದೆ. ನಾಯಿಯಂತೆ ಅದು ಕುಂಯ್‌ಗುಟ್ಟುವುದಿಲ್ಲ. ಕಣ್ಣು ಕಿರಿದು ಮಾಡುವುದು, ಕಪಾಟಿನ ಕೆಳಗೆ ಹೋಗಿ ಕೂರುವುದು, ಊಟ ಬಿಡುವುದು, ಅಷ್ಟೇ ಅದರ ದೂರು.

ಇನ್ನು ಎರಡನೆಯ ಭಾಗ. ಕಾಯಿಲೆ ಬರುವ ದಾರಿಗಳು. ನಾಲ್ಕನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲ ದಾರಿ, ನೆಗಡಿ. ಮಳೆಗಾಲದಲ್ಲಿ ಗೋದಾಮಿನ ಮೂಲೆಯಲ್ಲಿ ಸಿಗುವ ಮರಿಗಳನ್ನು ನೋಡಿದ್ದೀರಿ: ಮೂಗು ಸೋರುತ್ತಿರುತ್ತದೆ, ಕಣ್ಣು ಗೀಜಿನಿಂದ ಅಂಟಿಕೊಂಡಿರುತ್ತದೆ. ಇದರ ಹಿಂದೆ ಹೆಚ್ಚಾಗಿ ಇರುವುದು ಬೆಕ್ಕಿನ ಹರ್ಪಿಸ್ ವೈರಸ್. ಜೊತೆಗೆ ಕ್ಯಾಲಿಸಿ ವೈರಸ್, ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ. ಹರ್ಪಿಸ್ ಒಮ್ಮೆ ಹೊಕ್ಕರೆ ನರದ ಗಂಟಿನಲ್ಲಿ ಜೀವಮಾನವಿಡೀ ಅಡಗಿ ಕೂರುತ್ತದೆ. ಮನೆ ಬದಲಿಸಿದಾಗ, ಹೊಸ ಬೆಕ್ಕು ಬಂದಾಗ, ಬಾಣಂತನದಲ್ಲಿ, ಅಂದರೆ ದೇಹಕ್ಕೆ ಒತ್ತಡವಾದಾಗಲೆಲ್ಲ ತಲೆಯೆತ್ತಿ ಕಾರ್ನಿಯಾದ ಮೇಲೆ ಹುಣ್ಣು ಮಾಡುತ್ತದೆ. ಹುಟ್ಟಿದ ಮರಿ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನದೊಳಗೆ ಕಣ್ಣು ತೆರೆಯುತ್ತದೆ. ಅದಕ್ಕೂ ಮೊದಲೇ ಮುಚ್ಚಿದ ರೆಪ್ಪೆಯ ಒಳಗೆ ಕೀವು ತುಂಬಿ ಉಬ್ಬಿದ್ದರೆ ತಾನಾಗಿ ತೆರೆಯಲಿ ಎಂದು ಕಾಯಬಾರದು. ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಂಡರೆ ಮತ್ತೆ ಬಿಡಿಸುವುದು ಕಷ್ಟ.

ಮರಿಯ ಕಣ್ಣಿಗೆ ಈ ಅವಸರ ಯಾಕೆ? ಉತ್ತರ ಸಿಕ್ಕಿದ್ದು ಬೆಕ್ಕಿನಿಂದಲೇ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿ, ಆಮೇಲೆ ತೆರೆದು ನೋಡಿದರು. ಕಣ್ಣು ಚೆನ್ನಾಗಿಯೇ ಇತ್ತು, ಮಿದುಳು ಮಾತ್ರ ಆ ಕಣ್ಣಿನಿಂದ ನೋಡುವುದನ್ನು ಕಲಿತಿರಲಿಲ್ಲ. ಎಳವೆಯಲ್ಲಿ ಒಂದು ಅವಧಿಯಿದೆ, ಅದು ತಪ್ಪಿದರೆ ನೋಟ ಕೂಡಿಬರುವುದಿಲ್ಲ ಎಂದು ಅದರಿಂದ ಗೊತ್ತಾಯಿತು. ದೃಷ್ಟಿಯ ಕುರಿತ ಸಂಶೋಧನೆಗೆ ಅವರಿಬ್ಬರು 1981ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಇಂದು ಹುಟ್ಟಿನಿಂದಲೇ ಪೊರೆ ಇರುವ ಶಿಶುವಿಗೆ ಕೆಲವೇ ವಾರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದರ ಹಿಂದೆ, ಸೋಮಾರಿ ಕಣ್ಣಿನ ಮಗುವಿನ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವುದರ ಹಿಂದೆ ಆ ತಿಳಿವಳಿಕೆಯಿದೆ. ಮನುಷ್ಯರ ಮಕ್ಕಳ ಕಣ್ಣಿನ ಲೆಕ್ಕದಲ್ಲಿ ನಾವು ಬೆಕ್ಕಿಗೆ ಸಾಲಗಾರರು. ಆ ಪ್ರಯೋಗಗಳು ಮರಿಗಳಿಗೆ ಕೊಟ್ಟ ನೋವನ್ನೂ ಮರೆಯದೆ ಈ ಮಾತು ಹೇಳುತ್ತಿದ್ದೇನೆ.

ಎರಡನೆಯ ದಾರಿ, ಜಗಳ. ಗಂಡುಬೆಕ್ಕುಗಳ ಕಾದಾಟದಲ್ಲಿ ಉಗುರು ಕಾರ್ನಿಯಾವನ್ನು ತೂರಿ ಒಳಗಿನ ಮಸೂರದ ಚೀಲವನ್ನು ಸೀಳಿಬಿಡಬಹುದು. ಹೊರಗಿನ ಗಾಯ ಕೂದಲೆಳೆಯಷ್ಟಿರುತ್ತದೆ, ಎರಡು ದಿನದಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಉರಿಯೂತ ಆಮೇಲೆ ಶುರುವಾಗುತ್ತದೆ. ಹೀಗೆ ಮಸೂರಕ್ಕೆ ಪೆಟ್ಟಾದ ಕಣ್ಣಿನಲ್ಲಿ ವರ್ಷಗಳ ನಂತರ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆ ಬೆಳೆಯುವುದು ಬೆಕ್ಕಿನ ಒಂದು ವಿಶೇಷ ದುರದೃಷ್ಟ. ಆದ್ದರಿಂದ ಕುರುಡಾಗಿ ಸುಕ್ಕಿದ ಹಳೆಯ ಕಣ್ಣನ್ನೂ ‘ಹೇಗೂ ಹೋಯಿತು’ ಎಂದು ಬಿಡದೆ ಆಗಾಗ ಪರೀಕ್ಷಿಸಬೇಕು.

ಮೂರನೆಯ ದಾರಿ, ಊಟದ ತಟ್ಟೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿತೆಂಬ ಕತೆ ಕೇಳಿ ಬೆಳೆದವರು ನಾವು. ಉಳಿದ ಮನೆಗಳ ಬೆಕ್ಕುಗಳಿಗೆ ದಿನವೂ ಹಾಲೇ ಸಿಗುತ್ತಿತ್ತು ಎಂಬುದು ಆ ಕತೆಯ ಹಿಂದಿನ ನಂಬಿಕೆ. ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಅಮೈನೋ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನುಗಳಿಂದಲೇ ಪಡೆಯಬೇಕು. ಅದಿಲ್ಲದೆ ಹೋದರೆ ಅಕ್ಷಿಪಟಲದ ನಡುಭಾಗ ಸವೆಯುತ್ತಾ ಬಂದು ಕೊನೆಗೆ ದೃಷ್ಟಿ ಹೋಗುತ್ತದೆ. ಇದನ್ನು ಅಮೆರಿಕದ ಸಂಶೋಧಕರು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಅದೇ ಕೊರತೆ ಹೃದಯವನ್ನೂ ದುರ್ಬಲಗೊಳಿಸುತ್ತದೆಂದು 1987ರಲ್ಲಿ ಗೊತ್ತಾಯಿತು. ಈಗ ಬೆಕ್ಕಿನ ಸಿದ್ಧ ಆಹಾರಕ್ಕೆ ಟಾರಿನ್ ಬೆರೆಸುತ್ತಾರೆ. ಆದರೆ ಬರೀ ಮೊಸರನ್ನ, ಹಾಲನ್ನದ ಮೇಲೆ ಬೆಳೆದ ಬೆಕ್ಕು, ನಾಯಿಯ ಬಿಸ್ಕತ್ತನ್ನೇ ಹಂಚಿಕೊಂಡು ತಿನ್ನುವ ಬೆಕ್ಕು ಈಗಲೂ ಅಪಾಯದಲ್ಲಿವೆ. ನಾಯಿಯ ಆಹಾರ ಬೆಕ್ಕಿನ ಅಗತ್ಯಕ್ಕೆ ಮಾಡಿದ್ದಲ್ಲ.

ಮೀನಕಳಿಯದವರು ‘ನಮ್ಮ ಪುಚ್ಚೆಗೆ ಬೂತಾಯಿ, ಬಂಗುಡೆಗೆ ಬರವಿಲ್ಲ’ ಎಂದು ಹೇಳಬಹುದು. ಒಳ್ಳೆಯದೇ. ಎರಡು ಎಚ್ಚರ ಸಾಕು. ಟಾರಿನ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಮೀನು ಬೇಯಿಸಿದ ನೀರನ್ನು ಚೆಲ್ಲದೆ ಅನ್ನಕ್ಕೆ ಕಲಸಿ ಕೊಡಿ. ಇನ್ನೊಂದು, ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ-1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ದಿನವೂ ಅದನ್ನೇ ಹಸಿಯಾಗಿ ತಿಂದ ಬೆಕ್ಕಿನ ಪಾಪೆ ಅಗಲವಾಗಿ, ಕುತ್ತಿಗೆ ಎದೆಗೆ ಬಾಗಿ, ನಡಿಗೆ ತಪ್ಪುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ರಕ್ತದೊತ್ತಡ. ಬೆಕ್ಕಿಗೂ ಬಿ.ಪಿ. ಬರುತ್ತದೆ ಎಂದರೆ ಹಲವರು ನಂಬುವುದಿಲ್ಲ. ವಯಸ್ಸಾದ ಬೆಕ್ಕಿನಲ್ಲಿ ಕಿಡ್ನಿ ಸೋಲುತ್ತಾ ಬಂದಾಗ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡತೊಡಗಿದಾಗ ಒತ್ತಡ ಏರುತ್ತದೆ. ಮೇಲಿನ ಅಂಕಿ 160 ದಾಟಿದರೆ ಅಧಿಕ, 180 ದಾಟಿದರೆ ಅಂಗಾಂಗಗಳಿಗೆ ತೀವ್ರ ಅಪಾಯ. ಮೊದಲ ಪೆಟ್ಟು ಬೀಳುವ ಅಂಗಗಳಲ್ಲಿ ಕಣ್ಣೂ ಒಂದು. ಅಕ್ಷಿಪಟಲದ ಹಿಂದಿನ ಸೂಕ್ಷ್ಮ ರಕ್ತನಾಳಗಳು ಸೋರಿ, ಆ ದ್ರವ ಅಕ್ಷಿಪಟಲವನ್ನು ಗೋಡೆಯಿಂದ ಎಬ್ಬಿಸಿಬಿಡುತ್ತದೆ; ಕೆಲವೊಮ್ಮೆ ಕಣ್ಣೊಳಗೆ ರಕ್ತವೇ ತುಂಬುತ್ತದೆ. ನಿನ್ನೆ ರಾತ್ರಿ ಊಟ ಮಾಡಿ ಮಲಗಿದ ಬೆಕ್ಕು ಬೆಳಗ್ಗೆ ಬಾಗಿಲಿಗೆ ಢಿಕ್ಕಿ ಹೊಡೆಯುತ್ತದೆ. ಪರ್ಷಿಯನ್ ತಳಿಯಲ್ಲಿ ವಂಶವಾಹಿಯ ದೋಷದಿಂದ ಕಿಡ್ನಿಯಲ್ಲಿ ನೀರುಗುಳ್ಳೆಗಳು ಬೆಳೆಯುವ ಕಾಯಿಲೆಯೂ ಇದೆ, ಅದು ಗೊತ್ತಾಗುವುದು ಹೊಟ್ಟೆಯ ಸ್ಕ್ಯಾನಿಂಗಿನಿಂದ. ಕಿಡ್ನಿಯನ್ನು ಒಮ್ಮೆ ಸ್ಕ್ಯಾನ್ ಮಾಡಿ ನೋಡಿದ್ದರೆ ಮುಂದೆ ಕಣ್ಣನ್ನು ಉಳಿಸಿಕೊಳ್ಳಬಹುದಾಗಿದ್ದ ಪರ್ಷಿಯನ್ ಬೆಕ್ಕುಗಳಿವೆ.

ಇಲ್ಲಿಂದ ಮೂರನೆಯ ಭಾಗಕ್ಕೆ ದಾಟೋಣ. ಕಾರ್ನಿಯಾ ಬೆಳ್ಳಗಾಗಿದೆ, ಅಥವಾ ಕಣ್ಣೊಳಗೆ ರಕ್ತ ತುಂಬಿದೆ, ಅಥವಾ ಮಸೂರಕ್ಕೆ ಪೊರೆ ಬಂದಿದೆ. ಟಾರ್ಚ್ ಹಾಕಿದರೂ, ಆಪ್ತಾಲ್ಮೊಸ್ಕೋಪ್ ಹಿಡಿದರೂ ಒಳಗೆ ಏನೂ ಕಾಣುವುದಿಲ್ಲ. ಬೆಳಕಿಗೆ ದಾರಿಯಿಲ್ಲದಲ್ಲಿ ಶಬ್ದಕ್ಕೆ ದಾರಿಯಿದೆ.

ಈ ತತ್ವ ಕರಾವಳಿಯವರಿಗೆ ಹೊಸದಲ್ಲ. ಮಂಗಳೂರಿನ ಧಕ್ಕೆಯಿಂದ ಹೊರಡುವ ಟ್ರಾಲ್ ಬೋಟು, ಪರ್ಸೀನ್ ಬೋಟುಗಳ ಕ್ಯಾಬಿನ್ನಿನಲ್ಲಿ ಫಿಶ್ ಫೈಂಡರ್ ಇರುತ್ತದೆ. ಜಪಾನಿನ ಫುರುನೊ ಸಹೋದರರು 1948ರಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಬೋಟಿನ ತಳದಿಂದ ಶಬ್ದದ ಮಿಡಿತವೊಂದು ನೀರಿಗೆ ಇಳಿಯುತ್ತದೆ, ಮೀನಿನ ಹಿಂಡಿಗೂ ಕಡಲ ತಳಕ್ಕೂ ತಾಗಿ ಮರಳುತ್ತದೆ. ಮರಳಲು ಹಿಡಿದ ಸಮಯದಿಂದ ಆಳ, ಮರಳಿದ ಶಬ್ದದ ಬಲದಿಂದ ಅಲ್ಲಿರುವುದರ ಸ್ವರೂಪ ಪರದೆಯ ಮೇಲೆ ಮೂಡುತ್ತದೆ. ಕಣ್ಣಿನ ಸ್ಕ್ಯಾನಿಂಗ್ ಇದೇ ಯಂತ್ರದ ಸಣ್ಣ ರೂಪ. ಬೋಟಿನಲ್ಲಿ ಬಳಸುವುದು 50 ಅಥವಾ 200 ಕಿಲೋಹರ್ಟ್ಸ್ ಶಬ್ದ. 50 ಕಿಲೋಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್. ಮೀನಿನ ಹಿಂಡನ್ನು ಕಾಣಲು ಅಷ್ಟು ಸಾಕು. ಕಣ್ಣಿಗೆ 10 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನ ಶಬ್ದ ಬೇಕು. 10 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 0.15 ಮಿಲಿಮೀಟರ್. ಶಬ್ದದ ಕಂಪನಸಂಖ್ಯೆ ಏರಿದಷ್ಟೂ ಸೂಕ್ಷ್ಮ ವಿವರ ಸಿಗುತ್ತದೆ, ಆಳ ಕಡಿಮೆಯಾಗುತ್ತದೆ. ಬೆಕ್ಕಿನ ಕಣ್ಣಿಗೆ ಎರಡೂವರೆ ಸೆಂಟಿಮೀಟರ್ ಆಳ ಸಾಕಾದ್ದರಿಂದ ಈ ಬೆಲೆ ತೆರಬಹುದು. ಕಣ್ಣಿನ ಮುಂಭಾಗವನ್ನಷ್ಟೇ ನೋಡಬೇಕಾದಲ್ಲಿ 35ರಿಂದ 50 ಮೆಗಾಹರ್ಟ್ಸ್‌ನ ವಿಶೇಷ ಯಂತ್ರಗಳೂ ಇವೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಆ ಲೆಕ್ಕದಲ್ಲಿ ಬೆಕ್ಕಿನ ಕಣ್ಣನ್ನು ಹಾದು ಮರಳಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ 29 ಭಾಗ.

ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇನೆ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜ್ವಾಂ ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಅಂಥ ಹರಳನ್ನು ಬಳಸಿದರು. ಮುಂಡ್ಟ್ ಮತ್ತು ಹ್ಯೂಸ್ ಎಂಬ ಅಮೆರಿಕದ ವೈದ್ಯರು 1956ರಲ್ಲಿ ಮನುಷ್ಯರ ಕಣ್ಣಿಗೆ ಈ ವಿದ್ಯೆಯನ್ನು ತಂದರು. ಅದು ಏರಿಳಿಯುವ ಗೆರೆಗಳಷ್ಟೇ ಕಾಣುವ ಎ-ಸ್ಕ್ಯಾನ್. 1958ರಲ್ಲಿ ಬಾಮ್ ಮತ್ತು ಗ್ರೀನ್‌ವುಡ್ ಚಿತ್ರವೇ ಮೂಡುವ ಬಿ-ಸ್ಕ್ಯಾನ್ ತೋರಿಸಿದರು. ಪೊರೆಯ ಆಪರೇಷನ್ ಮಾಡಿಸಿಕೊಂಡ ಹಿರಿಯರು ಈ ಸಭೆಯಲ್ಲಿದ್ದರೆ, ಒಳಗಿಡುವ ಲೆನ್ಸಿನ ಪವರ್ ಲೆಕ್ಕ ಹಾಕಲು ನಿಮ್ಮ ಕಣ್ಣಿನ ಉದ್ದವನ್ನು ಎ-ಸ್ಕ್ಯಾನ್‌ನಲ್ಲಿ ಅಳೆದಿರಬಹುದು.

ಈಗ ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ದಪ್ಪ ಟವೆಲು ಹಾಸಿ ಬೆಕ್ಕನ್ನು ಅದರಲ್ಲಿ ಸುತ್ತುತ್ತೇವೆ, ಮುಖವಷ್ಟೇ ಹೊರಗೆ. ಸಾಕಿದವರು ಒಂದು ಕೈಯನ್ನು ಗದ್ದದ ಕೆಳಗೆ ಇಟ್ಟು ತಲೆಯನ್ನು ಆನಿಸಿಕೊಳ್ಳುತ್ತಾರೆ. ಕುತ್ತಿಗೆಯನ್ನು ಅದುಮಬಾರದು, ಅದುಮಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಮರಗಟ್ಟಿಸುವ ಹನಿ ಹಾಕಿ ಒಂದು ನಿಮಿಷ ಕಾಯುತ್ತೇವೆ. ಶಬ್ದ ಕಳಿಸಿ ಹಿಡಿಯುವ ಪ್ರೋಬಿನ ತುದಿಗೆ ಸ್ಟೆರೈಲ್ ಜೆಲ್ಲಿ ದಪ್ಪಗೆ ಹಚ್ಚುತ್ತೇವೆ. ನಡುವೆ ಗಾಳಿ ಸಿಕ್ಕಿದರೆ ಶಬ್ದ ಮುಂದೆ ಹೋಗದೆ ಅಲ್ಲಿಂದಲೇ ಮರಳುತ್ತದೆ. ಜೆಲ್ಲಿ ಕಾರ್ನಿಯಾಕ್ಕೆ ತಾಗಬೇಕು, ಪ್ರೋಬಿನ ಭಾರ ಬೀಳಬಾರದು. ಹೆಚ್ಚಿನ ಬೆಕ್ಕುಗಳಿಗೆ ಅರಿವಳಿಕೆಯ ಚುಚ್ಚುಮದ್ದು ಬೇಕಾಗುವುದಿಲ್ಲ. ಮೊದಲು ಒಳ್ಳೆಯ ಕಣ್ಣು, ಆಮೇಲೆ ಕೆಟ್ಟ ಕಣ್ಣು. ಹೋಲಿಸಿ ನೋಡಲು ಅದೇ ಬೆಕ್ಕಿನ ಇನ್ನೊಂದು ಕಣ್ಣಿಗಿಂತ ಉತ್ತಮ ಅಳತೆಗೋಲಿಲ್ಲ.

ಪರದೆಯ ಮೇಲೆ ಆರೋಗ್ಯವಂತ ಕಣ್ಣು ಹೀಗೆ ಕಾಣುತ್ತದೆ: ಮೇಲೆ ಕಾರ್ನಿಯಾದ ಎರಡು ಬಿಳಿಗೆರೆ, ಕೆಳಗೆ ಕಪ್ಪು, ಅಂದರೆ ದ್ರವ, ಮಸೂರದ ಮುಂಬದಿಯ ಒಂದು ಕಮಾನು, ಹಿಂಬದಿಯ ಒಂದು ಕಮಾನು, ನಡುವೆ ಕಪ್ಪು, ಅದರ ಹಿಂದೆ ಮತ್ತೆ ವಿಶಾಲವಾದ ಕಪ್ಪು, ಕೊನೆಗೆ ಬಟ್ಟಲಿನಾಕಾರದ ಬಿಳಿಯ ಹಿಂಗೋಡೆ. ಅಕ್ಷಿಪಟಲ ಆ ಗೋಡೆಗೆ ಅಂಟಿಕೊಂಡಿರುವುದರಿಂದ ಬೇರೆಯಾಗಿ ಕಾಣುವುದಿಲ್ಲ. ಅದು ಪ್ರತ್ಯೇಕವಾಗಿ ಕಂಡರೆ ಕಾಯಿಲೆ ಇದೆಯೆಂದೇ ಅರ್ಥ.

ಅಕ್ಷಿಪಟಲ ಪೂರ್ತಿ ಎದ್ದುಬಂದಾಗಲೂ ಅದು ಎರಡು ಕಡೆ ಬಿಡುವುದಿಲ್ಲ: ಹಿಂದೆ ದೃಷ್ಟಿನರದ ಬುಡದಲ್ಲಿ, ಮುಂದೆ ಅಂಚಿನಲ್ಲಿ. ಹಾಗಾಗಿ ಪರದೆಯಲ್ಲಿ ತೆಳು ಬಿಳಿ ಗೆರೆಗಳೆರಡು ಹಿಂದಿನ ಒಂದು ಬಿಂದುವಿನಿಂದ ಹೊರಟು ಎರಡೂ ಬದಿಗೆ ಚಾಚಿಕೊಳ್ಳುತ್ತವೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಕಡಲಕ್ಕಿಯ ರೆಕ್ಕೆ ಎಂದೇ ಹೆಸರು. ಬೆಕ್ಕು ಕಣ್ಣು ಹೊರಳಿಸಿದಾಗ ಆ ಗೆರೆಗಳು ಅಲುಗುತ್ತವೆ, ಆದರೆ ಬುಡ ಬಿಡುವುದಿಲ್ಲ. ರಕ್ತವಾದರೆ ಚುಕ್ಕಿಚುಕ್ಕಿಯಾಗಿ ಸುಳಿಯುತ್ತದೆ, ಯಾವುದಕ್ಕೂ ಅಂಟಿರುವುದಿಲ್ಲ. ಗಡ್ಡೆಯಾದರೆ ಗಟ್ಟಿಯಾಗಿ ಒಂದೆಡೆ ಕೂತಿರುತ್ತದೆ. ಮಸೂರ ಜಾರಿದ್ದರೆ ಅದರ ಕಮಾನು ಸ್ಥಳ ಬಿಟ್ಟಿರುತ್ತದೆ. ಕಣ್ಣುಗುಡ್ಡೆಯೇ ಮುಂದೆ ಬಂದು ಬಾಯಿ ತೆರೆಯಲು ಬೆಕ್ಕು ಚೀರಿದರೆ ಗುಡ್ಡೆಯ ಹಿಂದೆ ನೋಡಬೇಕು. ಮೇಲ್ದವಡೆಯ ಹಲ್ಲಿನ ಬೇರಿನಿಂದ ಹೊರಟ ಕೀವು ಅಲ್ಲಿ ಗೂಡುಕಟ್ಟಿರಬಹುದು.

ಈ ಪರೀಕ್ಷೆಯ ಮಿತಿಗಳನ್ನೂ ಹೇಳಬೇಕು. ಕಣ್ಣು ಒಡೆದಿದ್ದರೆ, ಹುಣ್ಣು ತೀರ ಆಳವಾಗಿದ್ದರೆ ಪ್ರೋಬನ್ನು ಕಣ್ಣಿನ ಮೇಲೆ ಇಡಬಾರದು. ಟಾರಿನ್ ಕೊರತೆಯಿಂದ ಸವೆದ ಅಕ್ಷಿಪಟಲ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಸ್ಕ್ಯಾನಿಂಗಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಅಂದರೆ ಶಬ್ದ ತೋರಿಸುವುದು ರಚನೆಯನ್ನು. ಆ ಕಣ್ಣು ನೋಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸಲು ಬೇರೆ ಪರೀಕ್ಷೆಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಷಿಪಟಲ ಎದ್ದಿದೆ ಎಂದು ಹೇಳುವ ಸ್ಕ್ಯಾನಿಂಗ್ ಏಕೆ ಎದ್ದಿತು ಎಂದು ಹೇಳುವುದಿಲ್ಲ. ಆ ಉತ್ತರ ಮುಂಗಾಲಿಗೆ ಪಟ್ಟಿ ಕಟ್ಟಿ ಅಳೆಯುವ ಬಿ.ಪಿ.ಯಲ್ಲಿ, ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್‌ನಲ್ಲಿ, ಥೈರಾಯ್ಡ್ ಪರೀಕ್ಷೆಯಲ್ಲಿ ಇರುತ್ತದೆ. ಬೆಕ್ಕಿನ ಬಿ.ಪಿ. ಅಳೆಯಲು ನಾವು ಬಳಸುವ ಡಾಪ್ಲರ್ ಕೂಡ ಅಲ್ಟ್ರಾಸೌಂಡಿನ ಒಂದು ಬಗೆ. ರಕ್ತ ಹರಿಯುವ ಸದ್ದನ್ನು ಅದು ಕೇಳಿಸುತ್ತದೆ. ಒತ್ತಡವೇ ಕಾರಣವೆಂದು ಕೂಡಲೇ ಗೊತ್ತಾಗಿ ಆಮ್ಲೋಡಿಪಿನ್‌ನಂಥ ಮಾತ್ರೆ ಶುರುಮಾಡಿದರೆ ಅಕ್ಷಿಪಟಲ ಮತ್ತೆ ಗೋಡೆಗೆ ಕೂರಬಹುದು, ಕೆಲವು ಬೆಕ್ಕುಗಳಿಗೆ ನೋಟವೂ ಮರಳುತ್ತದೆ. ತಡವಾದಷ್ಟೂ ಆ ಆಸೆ ಕಡಿಮೆ. ನೋಟ ಮರಳದಿದ್ದರೂ ಮಾತ್ರೆ ನಿಲ್ಲಿಸಬಾರದು. ಅದೇ ಒತ್ತಡ ಮಿದುಳು, ಹೃದಯ, ಕಿಡ್ನಿಗಳ ಬಾಗಿಲಲ್ಲೂ ನಿಂತಿರುತ್ತದೆ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಇದೆಲ್ಲ ಬೆಂಗಳೂರಿನಲ್ಲಿ ಆಗುವ ಮಾತು, ಬೈಕಂಪಾಡಿಗೆ ಏನು ಬಂತು ಎಂದು ನೀವು ಕೇಳಬಹುದು. ಕ್ಲಿಷ್ಟ ಶಸ್ತ್ರಚಿಕಿತ್ಸೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕೇಂದ್ರಗಳತ್ತ ನೋಡಬೇಕಾಗುತ್ತದೆ, ನಿಜ. ಆದರೆ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಸಿಗಬಹುದು. ದಕ್ಷಿಣ ಕನ್ನಡ ಹೈನುಗಾರಿಕೆಯ ಜಿಲ್ಲೆ. ದನದ ಗಬ್ಬ ನೋಡುವ ಪೋರ್ಟಬಲ್ ಸ್ಕ್ಯಾನಿಂಗ್ ಯಂತ್ರಗಳನ್ನು ಪಶುವೈದ್ಯರು ಬಳಸುತ್ತಾರೆ. ಅವುಗಳ ನೇರ ಪ್ರೋಬ್ ಎಷ್ಟೋ ವೇಳೆ 7.5 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಅದು ಕಣ್ಣಿಗೆಂದು ಮಾಡಿದ್ದಲ್ಲ, ಸೂಕ್ಷ್ಮ ವಿವರ ಕೊಡಲಾರದು. ಆದರೂ ಪ್ರೋಬನ್ನು ಚೆನ್ನಾಗಿ ಶುಚಿಮಾಡಿ, ಹೊಸ ಗ್ಲೌಸ್ ತೊಡಿಸಿ, ಒಳಗೂ ಹೊರಗೂ ಜೆಲ್ಲಿ ತುಂಬಿ, ಮುಚ್ಚಿದ ರೆಪ್ಪೆಯ ಮೇಲೆ ಹಗುರವಾಗಿ ಇಟ್ಟರೆ ಮೂರು ದೊಡ್ಡ ಪ್ರಶ್ನೆಗಳಿಗೆ ಉತ್ತರ ಸಿಗುವ ಸಾಧ್ಯತೆ ಇದೆ: ಅಕ್ಷಿಪಟಲ ಎದ್ದಿದೆಯೇ, ಮಸೂರ ಜಾಗದಲ್ಲಿದೆಯೇ, ದೊಡ್ಡ ಗಡ್ಡೆ ಇದೆಯೇ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ಒಂದು ಕಿವಿಮಾತು: ಆರೋಗ್ಯವಂತ ಕಣ್ಣುಗಳನ್ನು ನೋಡಿ ಕೈ ಕುದುರಿಸಿಕೊಳ್ಳಿ. ಸರಿಯಾದ ಕಣ್ಣಿನ ಪರಿಚಯವಿಲ್ಲದವರಿಗೆ ಕೆಟ್ಟ ಕಣ್ಣು ಗುರುತು ಸಿಗುವುದಿಲ್ಲ.

ಸಾಕುವವರಿಗೆ ನನ್ನ ವಿನಂತಿಗಳು ಕೆಲವು. ಮೊದಲನೆಯದು ಔಷಧಿಯದು. ಮನೆಯಲ್ಲಿ ಅಜ್ಜಿಯ ಆಪರೇಷನ್ ಆದಮೇಲೆ ಉಳಿದ ಕಣ್ಣಿನ ಹನಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇರಬಹುದು. ಕಾರ್ನಿಯಾದಲ್ಲಿ ಹುಣ್ಣಿದ್ದು ಸ್ಟೆರಾಯ್ಡ್ ಬಿದ್ದರೆ ಹುಣ್ಣು ಆಳವಾಗಿ ಕಣ್ಣೇ ಒಡೆಯಬಹುದು. ಹುಣ್ಣು ಇದೆಯೇ ಎಂದು ನೋಡಲು ಫ್ಲೋರೆಸೀನ್ ಎಂಬ ಬಣ್ಣದ ಕಾಗದದ ಪಟ್ಟಿ ಸಾಕು; ಹುಣ್ಣಿದ್ದ ಜಾಗ ನೀಲಿ ದೀಪದಲ್ಲಿ ಹಸಿರಾಗಿ ಹೊಳೆಯುತ್ತದೆ. ಅದಾಗದೆ ಯಾವ ಹನಿಯೂ ಬೇಡ. ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ ಇವೂ ಬೇಡ. ಗೀಜು ಒರೆಸಲು ಕುದಿಸಿ ಆರಿಸಿದ ನೀರು, ಶುಭ್ರ ಹತ್ತಿ, ಕಣ್ಣಿಗೊಂದು ತುಂಡು. ಹಾಗೆಯೇ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೋಳಿಗೂ ನಾಯಿಗೂ ಬಳಕೆಯಲ್ಲಿದೆ. ಬೆಕ್ಕಿಗೆ ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಮೀರಿದರೆ ಅದು ಅಕ್ಷಿಪಟಲವನ್ನೇ ಹಾಳುಮಾಡಿ ಕುರುಡು ಮಾಡಬಹುದು. ಅಂದಾಜಿನಲ್ಲಿ ಕೊಡುವ ಔಷಧಿ ಅಲ್ಲ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಎರಡನೆಯದು ಮುಂಜಾಗ್ರತೆ. ಮರಿಗೆ ಆರರಿಂದ ಎಂಟು ವಾರದಲ್ಲಿ ಲಸಿಕೆ ಶುರುಮಾಡಿ, ವೈದ್ಯರು ಹೇಳಿದಂತೆ ಪೂರ್ತಿಗೊಳಿಸಿ. ಹರ್ಪಿಸನ್ನು ಲಸಿಕೆ ಪೂರ್ತಿ ತಡೆಯದಿದ್ದರೂ ಕಾಯಿಲೆಯ ಕಾವನ್ನು ಇಳಿಸುತ್ತದೆ. ಗಂಡುಬೆಕ್ಕಿಗೆ ಸಂತಾನಹರಣ ಮಾಡಿಸಿದರೆ ಕಾದಾಟ ಕಡಿಮೆಯಾಗುತ್ತದೆ, ಕಣ್ಣಿನ ಗಾಯವೂ ಕಡಿಮೆಯಾಗುತ್ತದೆ. ಏಳು ವರ್ಷ ದಾಟಿದ ಬೆಕ್ಕಿಗೆ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ. ಹೆಚ್ಚು ನೀರು ಕುಡಿಯುತ್ತಿದೆ, ತೂಕ ಇಳಿಯುತ್ತಿದೆ ಎಂದಾದರೆ ವರ್ಷ ತುಂಬಲು ಕಾಯಬೇಡಿ.

ಮೂರನೆಯದು ಕುರುಡಾದ ಬೆಕ್ಕಿನ ಬಾಳು. ನಿಧಾನವಾಗಿ ದೃಷ್ಟಿ ಕಳೆದುಕೊಂಡ ಬೆಕ್ಕು ಮೀಸೆ, ಕಿವಿ, ನೆನಪುಗಳ ಬಲದಿಂದ ಮನೆಯಲ್ಲಿ ಎಷ್ಟು ಚೆನ್ನಾಗಿ ಓಡಾಡುತ್ತದೆಂದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕುರ್ಚಿ ಸರಿಸಿದ ದಿನ ಗೊತ್ತಾಗುತ್ತದೆ. ಅಂಥ ಬೆಕ್ಕಿಗೆ ತಟ್ಟೆ, ಮರಳಿನ ಟ್ರೇ, ಮಲಗುವ ಜಾಗ ಬದಲಿಸಬೇಡಿ. ಲಾರಿಗಳು ಓಡುವ ಈ ಊರಿನಲ್ಲಿ ಹೊರಗೆ ಬಿಡಬೇಡಿ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ನೋವಿಲ್ಲದ ಕುರುಡು ಬೆಕ್ಕು ಸುಖವಾಗಿ ಬಾಳುತ್ತದೆ. ನೋವಿರುವ, ಇನ್ನು ನೋಟ ಬಾರದ ಕಣ್ಣನ್ನು ತೆಗೆಸಲು ವೈದ್ಯರು ಹೇಳಿದರೆ ಅದನ್ನು ಕ್ರೌರ್ಯವೆಂದು ತಿಳಿಯಬೇಡಿ. ಎಷ್ಟೋ ಬೆಕ್ಕುಗಳು ಆ ನೋವು ಹೋದಮೇಲೆ ಮತ್ತೆ ಊಟಕ್ಕೆ ಬರುತ್ತವೆ.

ಇಷ್ಟನ್ನು ಹೇಳಿ ಮಾತು ಮುಗಿಸುತ್ತೇನೆ. ಕಣ್ಣು ಮಸುಕಾದ ಬೆಕ್ಕನ್ನು ಎತ್ತಿಕೊಂಡು ವೈದ್ಯರಲ್ಲಿಗೆ ಹೋದಾಗ ‘ಯಾವ ಡ್ರಾಪ್ಸ್ ಹಾಕಲಿ’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಮೊದಲು ಮೂರನ್ನು ಕೇಳಿ: ಹುಣ್ಣು ಇದೆಯೇ ನೋಡಿದಿರಾ, ಒಳಗೆ ಏನಿದೆಯೆಂದು ಸ್ಕ್ಯಾನ್ ಮಾಡಬಹುದೇ, ಬಿ.ಪಿ. ಎಷ್ಟಿದೆ? ಈ ಪ್ರಶ್ನೆಗಳನ್ನು ಸಾಕುವವರು ಕೇಳತೊಡಗಿದರೆ ಅವುಗಳಿಗೆ ಉತ್ತರ ಕೊಡುವ ಸಲಕರಣೆ, ತರಬೇತಿ ತಾನಾಗಿ ಊರಿಗೆ ಬರುತ್ತವೆ. ದನದ ಸ್ಕ್ಯಾನಿಂಗ್ ಹಳ್ಳಿಗೆ ಬಂದದ್ದೂ ಹೈನುಗಾರರು ಕೇಳಿದ್ದರಿಂದಲೇ.